ಡಿಸ್ಟಿಲೇಷನ್ ಮಾಡುವಾಗ ಉಪ್ಪು ಹಾಕಿದ್ರೆ ಆಲ್ಕೋಹಾಲ್ ಬೇಗ ಬರತ್ತಾ ಲೇಟಾಗತ್ತಾ? ಲ್ಯಾಬಲ್ಲಿ ಜಗಳ ಆಗಿದೆ, ಯಾರಾದ್ರೂ ತೀರ್ಮಾನ ಹೇಳಿ

ಅರಿಷ್ಟ_ಲ್ಯಾಬ್
ಎಲ್ರಿಗೂ ನಮಸ್ಕಾರ. ನಾನು ಒಂದು ಸಣ್ಣ ಆಯುರ್ವೇದ ಔಷಧಿ ಯೂನಿಟ್ಟಲ್ಲಿ ಕ್ಯೂಸಿ ಅಂದ್ರೆ ಗುಣಮಟ್ಟ ಪರೀಕ್ಷೆ ಕೆಲಸಕ್ಕೆ ಸೇರಿ ಏಳು ತಿಂಗಳಾಯ್ತು. ಆಸವ ಅರಿಷ್ಟಗಳ ಆಲ್ಕೋಹಾಲ್ ಟೆಸ್ಟು ದಿನಾ ನನ್ನ ತಲೆ ಮೇಲೇ ಬೀಳತ್ತೆ. ಕೆಲಸ ಏನೂ ದೊಡ್ಡದಲ್ಲ, 25 ಎಂಎಲ್ ಸ್ಯಾಂಪಲ್ಲು, 150 ಎಂಎಲ್ ನೀರು, ಸಮನಾಗಿ ಕುದೀಲಿ ಅಂತ ಚಿಟಿಕೆ ಪ್ಯೂಮಿಸ್ ಕಲ್ಲಿನ ಪುಡಿ, ಕಾಯಿಸಿ 90 ಎಂಎಲ್ ಇಳಿಸ್ಕೊಂಡು ನೀರು ಸೇರಿಸಿ 100 ಮಾಡಿ, ಗ್ರಾವಿಟಿ ಬಾಟಲಲ್ಲಿ (ಪ್ರತಿ ಸಲ ಒಂದೇ ಅಳತೆ ಹಿಡಿಯೋ ಪುಟ್ಟ ಬಾಟ್ಲಿ) ತೂಕ ನೋಡಿ, ಹಗುರ ಇದ್ದಷ್ಟೂ ಆಲ್ಕೋಹಾಲ್ ಜಾಸ್ತಿ, ಟೇಬಲ್ ನೋಡಿ 4ರಿಂದ ಗುಣಿಸೋದು, 25ನ್ನ 100 ಮಾಡಿರ್ತೀವಲ್ಲ ಅದಕ್ಕೆ.

ಲವಂಗ ಏಲಕ್ಕಿ ಥರ ಎಣ್ಣೆ ಅಂಶ ಇರೋ ಐಟಂಗಳಿಗೆ ಮಾತ್ರ ಬೇರೆ ದಾರಿ ಇದೆ, ಮೊದಲು ಸ್ಯಾಂಪಲ್ಲಿಗೆ ಉಪ್ಪು ಕರಗೋಷ್ಟು ಕರಗಿಸಿ ಹೆಕ್ಸೇನ್ (ನೀರಿಗೆ ಬೆರೆಯದ, ಎಣ್ಣೆ ಕರಗಿಸ್ಕೊಳ್ಳೋ ದ್ರವ) ಜೊತೆ ಕುಲುಕಿ ಆಮೇಲೆ ಡಿಸ್ಟಿಲ್ ಮಾಡೋದು. ಇದನ್ನ ನೋಡಿದ ನಮ್ಮ ಸೀನಿಯರ್ ಒಬ್ರು, "ಉಪ್ಪು ಹಾಕಿದ್ರೆ ಆಲ್ಕೋಹಾಲ್ ಬೇಗ ಬಿಟ್ಕೊಡತ್ತೆ, ಎಲ್ಲಾ ಸ್ಯಾಂಪಲ್ಲಿಗೂ ಹಾಕು, ಟೈಮ್ ಉಳಿಯತ್ತೆ" ಅಂತಿದಾರೆ. ನಾನು ಪಿಯುಸಿಲಿ ಓದಿದ್ದು, ಉಪ್ಪು ಹಾಕಿದ್ರೆ ಬಾಯ್ಲಿಂಗ್ ಪಾಯಿಂಟ್ ಮೇಲೆ ಹೋಗತ್ತೆ ಅಂತ, ಹಂಗಿದ್ಮೇಲೆ ಲೇಟಾಗ್ಬೇಕಲ್ವಾ? ವಾದ ಮಾಡ್ತಾ ಮಾಡ್ತಾ ಅವರ ಮಾತಿಗೇ ಹಾಕಿ ಕಾಯಿಸಿದೆ, ಕರಗದೆ ಉಳಿದ ಉಪ್ಪು ತಳದಲ್ಲಿ ಕೂತು ದಡಬಡ ದಡಬಡ ಅಂತ ಕುಣಿದು ಫ್ಲಾಸ್ಕ್ ಬಿರುಕು ಬಿಡ್ತು. ಈಗ ಫ್ಲಾಸ್ಕಿಗೂ ನಾನೇ ಜವಾಬ್ದಾರಿ ಅಂತೆ. ಯಾರು ಸರಿ?

ಬಸ್ಯಾ_ಬೆಂಗ್ಳೂರು
ಗುರೂ ನಾವು ಉಪ್ಪನ್ನ ಉಪ್ಪಿನಕಾಯಲ್ಲಿ ಹಾಕಿ ಪಕ್ಕದಲ್ಲಿಟ್ಕೊಂಡು ನೆಕ್ಕೋರು, ನೀನು ಒಳಗೇ ಹಾಕ್ತಿದೀಯ 😄

ರಸಾಯನ_ಮೇಷ್ಟ್ರು
ಅರಿಷ್ಟ ಲ್ಯಾಬ್ ಅವ್ರೇ, ಇಬ್ರೂ ಸರಿ, ಇಬ್ರೂ ಅರ್ಧ ಸರಿ. ನೀವು ಹೇಳ್ತಿರೋದು ಒಂದೇ ದ್ರವ ಇದ್ದಾಗಿನ ಮಾತು. ಬರೀ ನೀರಿಗೆ ಉಪ್ಪು ಹಾಕಿದ್ರೆ ಕುದಿಯೋ ಬಿಂದು ಏರತ್ತೆ, ನಿಜ. ಆದ್ರೆ ಎಷ್ಟು? ಒಂದು ಲೀಟರ್ ನೀರಿಗೆ 10 ಗ್ರಾಂ ಹಾಕಿದ್ರೆ 0.2 ಡಿಗ್ರಿನೂ ಏರಲ್ಲ. ಇನ್ನು ಸಾಕಪ್ಪಾ ಅನ್ನೋ ತನಕ ಕರಗಿಸಿದ ಉಪ್ಪುನೀರು ಸುಮಾರು 108-109 ಡಿಗ್ರಿಯಲ್ಲಿ ಕುದಿಯತ್ತೆ.

ನಿಮ್ಮ ಫ್ಲಾಸ್ಕಲ್ಲಿ ಇರೋದು ಎರಡು ದ್ರವ. ಅಲ್ಲಿ ಕೇಳ್ಬೇಕಾದ ಪ್ರಶ್ನೆ ಎಷ್ಟು ಡಿಗ್ರಿಗೆ ಕುದಿಯತ್ತೆ ಅಂತಲ್ಲ, ಕುದ್ದಾಗ ಏಳೋ ಆವಿಯಲ್ಲಿ ಯಾರು ಜಾಸ್ತಿ ಇರ್ತಾರೆ ಅಂತ. ಉಪ್ಪು ನೀರಲ್ಲಿ ಕರಗಿದಾಗ ಸೋಡಿಯಂ ಮತ್ತೆ ಕ್ಲೋರೈಡ್ ಅಯಾನುಗಳು, ಅಂದ್ರೆ ವಿದ್ಯುತ್ ಆವೇಶ ಇರೋ ಕಣಗಳು, ಬೇರೆ ಬೇರೆ ಆಗಿ ಪ್ರತಿಯೊಂದೂ ಸುತ್ತಮುತ್ತ ಇರೋ ನೀರಿನ ಕಣಗಳನ್ನ ಕೈ ಹಿಡಿದು ಕೂರಿಸ್ಕೊಳ್ಳತ್ತೆ. ಆಲ್ಕೋಹಾಲ್ ಮೇಲೆ ಅವಕ್ಕೆ ಅಷ್ಟು ಪ್ರೀತಿ ಇಲ್ಲ. ಉಪ್ಪು 100 ಗ್ರಾಂ ನೀರಲ್ಲಿ 36 ಗ್ರಾಂ ಕರಗತ್ತೆ, ಅದೇ 100 ಗ್ರಾಂ ಶುದ್ಧ ಎಥನಾಲಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಭಾಗನೂ ಕರಗಲ್ಲ. ಹಂಗಾಗಿ ಏನಾಗತ್ತೆ, ನೀರು ಉಪ್ಪಿನ ಜೊತೆ ಬಿಜಿ, ಆಲ್ಕೋಹಾಲಿಗೆ ಆ ಗುಂಪಲ್ಲಿ ಜಾಗ ಇಲ್ಲ, ಅದು ಮೇಲಕ್ಕೆ ಎದ್ದು ಹೋಗತ್ತೆ. ಆವಿಯಲ್ಲಿ ಆಲ್ಕೋಹಾಲ್ ಪಾಲು ಜಾಸ್ತಿ ಆಗತ್ತೆ. ಇದಕ್ಕೆ ಸಾಲ್ಟಿಂಗ್ ಔಟ್ ಅಂತಾರೆ.

ಹಂಗಾಗಿ ನಿಮ್ಮ ಸೀನಿಯರ್ ಹೇಳಿದ ದಿಕ್ಕು ಸರಿ. "ಟೈಮ್ ಉಳಿಯತ್ತೆ" ಅನ್ನೋದು ಮಾತ್ರ ನಿಮ್ಮ ಟೆಸ್ಟಿಗೆ ಸುಳ್ಳು, ಯಾಕೆ ಅಂತ ಸಂಜೆ ಬರೀತೀನಿ, ಪೀರಿಯಡ್ ಇದೆ.

ಶಾಲೆ_ಮೇಡಂ
ಇದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಕಾಯಿಸೋದೇ ಬೇಡ. ಕೊರೊನಾ ಟೈಮಲ್ಲಿ ಸ್ಕೂಲಿಗೆ ಬಂದಿದ್ದ 70 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್ ಕ್ಯಾನ್ ಇನ್ನೂ ಉಳಿದಿತ್ತು, ನೀರಿನ ಥರ ಇರತ್ತಲ್ಲ ಅದು, ಜೆಲ್ ಅಲ್ಲ. ಒಂದು ಉದ್ದ ಗಾಜಿನ ಬಾಟ್ಲಿಗೆ ಅರ್ಧ ಹಾಕಿ, ಮಾರ್ಕರ್ ಪೆನ್ನಿನ ಶಾಯಿ ಒಂದು ಹನಿ ಬಿಟ್ಟು, ಪುಡಿಉಪ್ಪು ಧಾರಾಳವಾಗಿ ಸುರಿದು ಕುಲುಕಿದೆ. ಎರಡು ನಿಮಿಷ ಬಿಟ್ರೆ ಮೇಲೆ ಶಾಯಿ ಹಿಡಿದ ಆಲ್ಕೋಹಾಲಿನ ನೀಲಿ ಪದರ, ಕೆಳಗೆ ಬಣ್ಣ ಇಲ್ಲದ ಉಪ್ಪುನೀರು, ಮಧ್ಯ ಗೆರೆ ಎಳೆದ ಹಾಗೆ. ಒಂಬತ್ತನೇ ಕ್ಲಾಸಿನ ಹುಡುಗ್ರು "ಮಿಸ್ ಇನ್ನೊಂದ್ಸಲ ಇನ್ನೊಂದ್ಸಲ" ಅಂತ ಆ ಕ್ಯಾನ್ ಖಾಲಿ ಮಾಡಿಸಿದ್ರು.

ಕುತೂಹಲಿ_ಶಿವ್ಮೊಗ್ಗ
ಮೇಡಂ ನಾನು ಇದನ್ನೇ ಕಾಲೇಜಲ್ಲಿ ಎಥನಾಲಲ್ಲಿ ಮಾಡಿ ನೋಡಿದ್ದೆ, ಬರಲಿಲ್ಲ. ಉಪ್ಪು ತಳದಲ್ಲಿ ಸುಮ್ನೆ ಕೂತಿತ್ತು, ಪದರ ಗಿದರ ಏನೂ ಇಲ್ಲ.

ರಸಾಯನ_ಮೇಷ್ಟ್ರು
ಬರಲ್ಲ. ಎಥನಾಲ್ ಸಣ್ಣ ಕಣ, ನೀರಿನ ಜೊತೆ ಅಂಟು ಜಾಸ್ತಿ, ಅಡುಗೆ ಉಪ್ಪಿನ ಬಲಕ್ಕೆ ಅದು ಪದರ ಆಗಿ ಬೇರೆ ಆಗಲ್ಲ. ಅದಕ್ಕೆ ಪೊಟ್ಯಾಸಿಯಂ ಕಾರ್ಬೊನೇಟ್ ಬೇಕು, ಅದು ನೀರಲ್ಲಿ 100ಕ್ಕೆ 110 ಗ್ರಾಂ ಹತ್ತಿರ ಕರಗತ್ತೆ, ಎಥನಾಲಲ್ಲಿ ಕರಗೋದೇ ಇಲ್ಲ ಅನ್ನಬಹುದು. ಅದನ್ನ ಹಾಕಿದ್ರೆ ಎಥನಾಲೂ ಸ್ಪಷ್ಟವಾಗಿ ಮೇಲೆ ಪದರ ಕಟ್ಟತ್ತೆ.

ಎಲ್ಲಾ ಉಪ್ಪೂ ಒಂದೇ ಅಲ್ಲ ಅನ್ನೋದು ಇಲ್ಲೇ ಗೊತ್ತಾಗೋದು. ಯಾವ ಅಯಾನು ನೀರನ್ನ ಎಷ್ಟು ಗಟ್ಟಿ ಹಿಡಿಯತ್ತೆ ಅನ್ನೋ ಸಾಲನ್ನ ಪ್ರಾಗ್‌ನಲ್ಲಿ ಹೋಫ್‌ಮೈಸ್ಟರ್ ಅನ್ನೋರು 1888ರಲ್ಲೇ ಹಾಕಿಟ್ಟಿದಾರೆ, ಅವರು ಮಾಡಿದ್ದು ಮೊಟ್ಟೆಯ ಪ್ರೊಟೀನ್ ಮೇಲೆ. ಮಜಾ ಏನಂದ್ರೆ ಇದೇ ವಿಷಯಕ್ಕೆ ಸೂತ್ರ ಕೊಟ್ಟ ರಷ್ಯಾದ ಸೆಚೆನೋವ್ ರಸಾಯನಶಾಸ್ತ್ರದವರೇ ಅಲ್ಲ, ಶರೀರ ಶಾಸ್ತ್ರದವರು, ಉಪ್ಪಿನ ದ್ರಾವಣದಲ್ಲಿ ಅನಿಲ ಎಷ್ಟು ಕರಗತ್ತೆ ಅಂತ ನೋಡಕ್ಕೆ ಹೋಗಿ ಇದು ಸಿಕ್ತು.

ಪೊಟ್ಯಾಸಿಯಂ ಕಾರ್ಬೊನೇಟ್ ಅಂದ್ರೆ ಏನೋ ದೊಡ್ಡದು ಅನ್ಕೋಬೇಡಿ, ಅಜ್ಜಿ ಪಾತ್ರೆ ಉಜ್ಜೋಕೆ ಇಟ್ಕೋತಿದ್ದ ಒಲೆ ಬೂದಿಯನ್ನ ನೀರಲ್ಲಿ ಕದಡಿ ಸೋಸಿದ್ರೆ ಜಾರು ಜಾರಾಗಿ ಬರ್ತಿತ್ತಲ್ಲ, ಆ ಜಾರಿಕೆಗೆ ಮುಖ್ಯ ಕಾರಣ ಅದೇ. ಯುರೋಪಿನ ಹಳೇ ರಸವಾದಿಗಳು ಅದನ್ನೇ ಹುರಿದು ಸ್ಪಿರಿಟ್ಟಿಗೆ ಹಾಕಿ ನೀರು ಎಳೆಸ್ತಿದ್ರು. 1796ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಲೋವಿಟ್ಸ್ ಶುದ್ಧ ಆಲ್ಕೋಹಾಲ್ ಮಾಡಿದ್ದೂ ಒಣಗಿದ ಕ್ಷಾರದ ಮೇಲೆ ನಿಧಾನಕ್ಕೆ ಕಾಯಿಸಿ ಇಳಿಸಿಯೇ.

ಅರಿಷ್ಟ_ಲ್ಯಾಬ್
ಮೇಷ್ಟ್ರೇ ತುಂಬಾ ಥ್ಯಾಂಕ್ಸ್. ಹಂಗಾದ್ರೆ ಇನ್ನೊಂದು ಡೌಟು. ಉಪ್ಪು ಜಾಸ್ತಿ ಮಾಡ್ತಾ ಹೋದ್ರೆ 100ಕ್ಕೆ 100 ಆಲ್ಕೋಹಾಲೇ ಬರತ್ತಾ? 95ರ ಹತ್ರ ಎಲ್ಲೋ ನಿಂತ್ಹೋಗತ್ತೆ ಅಂತ ಓದಿದ ನೆನಪು.

ರಸಾಯನ_ಮೇಷ್ಟ್ರು
ಅದು ಅಜಿಯೋಟ್ರೋಪ್. ತೂಕದ ಲೆಕ್ಕದಲ್ಲಿ 95.6 ಪರ್ಸೆಂಟ್ ಎಥನಾಲ್, ಕುದಿಯೋದು 78.2 ಡಿಗ್ರಿಗೆ, ಶುದ್ಧ ಎಥನಾಲ್ ಕುದಿಯೋ 78.4ಕ್ಕಿಂತ ಒಂಚೂರು ಕೆಳಗೆ. ಆ ಮಟ್ಟದಲ್ಲಿ ದ್ರವದಲ್ಲಿ ಎಷ್ಟಿದೆಯೋ ಆವಿಯಲ್ಲೂ ಅಷ್ಟೇ, ಎಷ್ಟು ಸಲ ಇಳಿಸಿದ್ರೂ ಅದೇ ಬರತ್ತೆ.

ಬಸ್ಯಾ_ಬೆಂಗ್ಳೂರು
ನಾನು ಎಲ್ಲೋ 89 ಅಂತ ಓದಿದ್ದೆ, ಇನ್ನೊಂದು ಕಡೆ 97 ಅಂತ ಇತ್ತು. ನೀವು 95.6 ಅಂತೀರಾ. ಯಾವ್ದು ಸ್ವಾಮಿ ನಿಜ?

ರಸಾಯನ_ಮೇಷ್ಟ್ರು
ಮೂರೂ ನಿಜ ಬಸ್ಯಾ. ತೂಕದಲ್ಲಿ 95.6, ಅಳತೆಯಲ್ಲಿ 97ರ ಮೇಲೆ, ಕಣಗಳ ಎಣಿಕೆಯಲ್ಲಿ ಅಂದ್ರೆ ಮೋಲಲ್ಲಿ 89.4. ಯಾವ ಲೆಕ್ಕ ಅಂತ ಬರೀದೆ ಬರೀ ಪರ್ಸೆಂಟ್ ಬರೆದು ಬಿಡ್ತಾರಲ್ಲ, ಪ್ರತಿ ವರ್ಷ ಇದೇ ತಲೆನೋವು ನನಗೆ. ಇನ್ನು ಮುಂದೆ ನಾನು ಕೊಡೋ ಆವಿ ಲೆಕ್ಕ ಮೋಲಲ್ಲಿ.

ಉಪ್ಪಿಲ್ಲದೆ ಬರೀ ನೀರು ಎಥನಾಲ್ ಕುದಿಸಿದಾಗ ಏನಾಗತ್ತೆ ನೋಡಿ. ದ್ರವದಲ್ಲಿ 7.2 ಇದ್ರೆ ಆವಿಯಲ್ಲಿ 38.9. ಐದು ಪಟ್ಟಿಗಿಂತ ಜಾಸ್ತಿ! ದ್ರವದಲ್ಲಿ 33ರ ಹತ್ರ ಇದ್ರೆ ಆವಿಯಲ್ಲಿ 58. ದ್ರವದಲ್ಲಿ 74.7 ಇದ್ರೆ ಆವಿಯಲ್ಲಿ ಬರೀ 78.2. ಅಂದ್ರೆ ಕೆಳಗಡೆ ಬೇರೆ ಮಾಡೋದು ನೀರು ಕುಡಿದಷ್ಟು ಸುಲಭ, ಮೇಲೆ ಹೋಗ್ತಾ ಹೋಗ್ತಾ ಕಾಲು ಕೀಳಕ್ಕಾಗಲ್ಲ. ನೀರಿಗೆ ಹೋಲಿಸಿದ್ರೆ ಎಥನಾಲ್ ಎಷ್ಟು ಪಟ್ಟು ಹಾರಿಕೆ ಅನ್ನೋದು ಮೊದಲನೇ ಜಾಗದಲ್ಲಿ ಸುಮಾರು 8, ಕೊನೇ ಜಾಗದಲ್ಲಿ 1.2.

ಈಗ ಹೇಳಿ, ಉಪ್ಪಿನ ಸಹಾಯ ಬೇಕಿರೋದು ಎಲ್ಲಿ?

ಅರಿಷ್ಟ_ಲ್ಯಾಬ್
ಮೇಲೆ?

ಮುಧೋಳ_ಆಪರೇಟರ್
ಹಾಂ ಅಲ್ಲೇ ಐತ್ರಿ ಗುಟ್ಟು. ನಾ ಸಕ್ಕರಿ ಫ್ಯಾಕ್ಟರಿ ಡಿಸ್ಟಿಲರಿಯೊಳಗ ಹನ್ನೊಂದು ವರ್ಷ ಶಿಫ್ಟ್ ಮಾಡೇನಿ, ಅದಕ್ಕ ಬಾಯಿ ಹಾಕಾಕತ್ತೀನಿ, ತಪ್ಪಿದ್ರ ಮೇಷ್ಟ್ರು ತಿದ್ರಿ.

ಉಪ್ಪು ಹಾರಂಗಿಲ್ಲ. ಆವಿ ಜೋಡಿ ಮ್ಯಾಲೆ ಹೋಗಂಗಿಲ್ಲ. ನೀವು ಪಾತ್ರಿ ಒಳಗ ಚೀಲಗಟ್ಟಲೆ ಉಪ್ಪು ಸುರೀರಿ, ಅದು ಪಾತ್ರಿ ಒಳಗೇ ಕುಂದ್ರತೈತಿ. ಅದರ ಆಟ ಏನಿದ್ರೂ ಮೊದಲನೇ ಆವಿ ಏಳೂ ಮುಂದ ಅಷ್ಟ. ಮ್ಯಾಲಿನ ಕಾಲಮ್‌ನ್ಯಾಗ, ಅಂದ್ರ ಆವಿ ಏರೂ ಉದ್ದನ್ನ ಗೋಪುರದಾಗ, ಒಂದರ ಮ್ಯಾಲೊಂದು ಹತ್ತಾರು ಟ್ರೇ ಇರತಾವಲ್ಲ, ಅಲ್ಲಿ ಒಂದು ಹರಳು ಉಪ್ಪೂ ಇರಂಗಿಲ್ಲ, ಅಲ್ಲಿ ಮತ್ತ ಅದ ನೀರು ಅದ ಸ್ಪಿರಿಟ್ಟು, ಅಜಿಯೋಟ್ರೋಪ್ ಬಂದು ಮತ್ತ ಅಡ್ಡ ನಿಂದ್ರತೈತಿ. ಅಂದ್ರ ಸುಲಭ ಇದ್ದ ಕಡೆ ಸಹಾಯ ಮಾಡಿದಂಗ ಆತು, ಕಷ್ಟ ಇದ್ದ ಕಡೆ ಕೈ ಎತ್ತಿದಂಗ ಆತು.

ಇದನ್ನ ದಾಟಬೇಕಂದ್ರ ಉಪ್ಪನ್ನ ಮ್ಯಾಲಿಂದ ಬಿಡಬೇಕು. ಕಾಲಮ್ ತುದಿಗೆ ಆವಿ ತಣ್ಣಗಾಗಿ ವಾಪಸ್ ಬರೂ ದ್ರವದಾಗ, ಅಂದ್ರ ರಿಫ್ಲಕ್ಸ್ ಒಳಗ ಕರಗಿಸಿ ಬಿಟ್ರ, ಅದು ಟ್ರೇಯಿಂದ ಟ್ರೇಗೆ ಇಳಕೋತ ಎಲ್ಲಾ ಕಡೆ ನೀರನ್ನ ಹಿಡಕೋತ ಬರತೈತಿ.

ಕುತೂಹಲಿ_ಶಿವ್ಮೊಗ್ಗ
ವಾವ್ ಇದು ತಲೆಗೇ ಹೊಳೆದಿರಲಿಲ್ಲ. ಹಂಗೆ ನಿಜವಾಗ್ಲೂ ಯಾರಾದ್ರೂ ಮಾಡಿದಾರಾ ಇಲ್ಲ ಬರೀ ಪೇಪರ್ ಮೇಲಾ?

ರಸಾಯನ_ಮೇಷ್ಟ್ರು
ಮಾಡಿದಾರೆ. ಜರ್ಮನಿಯಲ್ಲಿ 1930ರ ದಶಕದಲ್ಲಿ ಹಿಯಾಗ್ ಪ್ರೋಸೆಸ್ ಅಂತ ಇತ್ತು. ಪೊಟ್ಯಾಸಿಯಂ ಅಸಿಟೇಟ್ ಮತ್ತೆ ಸೋಡಿಯಂ ಅಸಿಟೇಟ್ ಎರಡನ್ನೂ ಬೆರೆಸಿ ರಿಫ್ಲಕ್ಸಲ್ಲಿ ಕರಗಿಸಿ ಮೇಲಿಂದ ಬಿಡೋದು, ತುದಿಯಲ್ಲಿ 99.8ಕ್ಕಿಂತ ಮೇಲಿನ ಎಥನಾಲ್, ಬುಡದಲ್ಲಿ ಉಪ್ಪುನೀರು, ಆ ಉಪ್ಪುನೀರನ್ನ ಕಾಯಿಸಿ ನೀರು ಹಾರಿಸಿ ಉಪ್ಪು ವಾಪಸ್ ಮೇಲಕ್ಕೆ. ಅಜಿಯೋಟ್ರೋಪ್ ಅನ್ನೋದು ಅಲ್ಲಿ ಇಲ್ಲವೇ ಇಲ್ಲ, ಉಪ್ಪು ಅದನ್ನ ಅಳಿಸಿ ಹಾಕಿರತ್ತೆ.

ಅಸಿಟೇಟೇ ಯಾಕೆ ಅಂತ ಕೇಳಿ. ತುದಿಯಲ್ಲಿ ಇರೋದು ಹೆಚ್ಚುಕಮ್ಮಿ ಶುದ್ಧ ಎಥನಾಲ್. ಅಡುಗೆ ಉಪ್ಪನ್ನ ಅಲ್ಲಿ ಬಿಟ್ರೆ ಕರಗದೆ ಮರಳಿನ ಥರ ಟ್ರೇ ಮೇಲೆ ಕೂರತ್ತೆ, ಪೊಟ್ಯಾಸಿಯಂ ಕಾರ್ಬೊನೇಟೂ ಅಷ್ಟೇ. ಆಲ್ಕೋಹಾಲಲ್ಲೂ ತಕ್ಕಮಟ್ಟಿಗೆ ಕರಗಬೇಕು, ಆದ್ರೂ ನೀರಿನ ಮೇಲೇ ಪ್ರೀತಿ ಜಾಸ್ತಿ ಇರ್ಬೇಕು. ಪೊಟ್ಯಾಸಿಯಂ ಅಸಿಟೇಟ್ ಆ ಎರಡೂ ಮಾಡತ್ತೆ.

ಅರಿಷ್ಟ_ಲ್ಯಾಬ್
ಕ್ಯಾಲ್ಸಿಯಂ ಕ್ಲೋರೈಡ್? ನಮ್ ಡೆಸಿಕೇಟರಲ್ಲಿ (ಸಾಮಾನು ತೇವ ಆಗದ ಹಾಗೆ ಇಡೋ ಗಾಜಿನ ಡಬ್ಬಿ) ಅದೇ ಇರೋದು, ನೀರು ಚೆನ್ನಾಗಿ ಎಳೆಯತ್ತೆ, ಆಲ್ಕೋಹಾಲಲ್ಲೂ ಕರಗತ್ತೆ ಅಂತ ಕೇಳಿದ್ದೆ.

ರಸಾಯನ_ಮೇಷ್ಟ್ರು
ಒಳ್ಳೇ ಪ್ರಶ್ನೆ. ಆವಿಯಲ್ಲಿ ಎಥನಾಲ್ ಪಾಲು ಏರಿಸೋದ್ರಲ್ಲಿ ಅದು ತುಂಬಾ ಜೋರು, ಅಜಿಯೋಟ್ರೋಪನ್ನೂ ಒಡೆಯತ್ತೆ. ಆದ್ರೆ ಒಣ ಕ್ಯಾಲ್ಸಿಯಂ ಕ್ಲೋರೈಡ್ ಎಥನಾಲ್ ಜೊತೆಗೇ ಸಂಬಂಧ ಬೆಳೆಸತ್ತೆ, ಒಂದಕ್ಕೆ ನಾಲ್ಕು ಎಥನಾಲ್ ಕಣ ಅಂಟಿಸ್ಕೊಂಡು ಹರಳಾಗತ್ತೆ. ಅದಕ್ಕೇ ಲ್ಯಾಬಲ್ಲಿ ಎಥನಾಲ್ ಒಣಗಿಸೋಕೆ ಅದನ್ನ ಬಳಸಬೇಡಿ ಅಂತ ಹೇಳೋದು, ಸುಟ್ಟ ಸುಣ್ಣ ಹಾಕ್ತೀವಿ. ಅದು ಉಪ್ಪಿನ ಆಟ ಅಲ್ಲ, ಸುಣ್ಣ ನೀರಿನ ಜೊತೆ ನೇರ ಕ್ರಿಯೆ ಮಾಡಿ ಅರಳಿದ ಸುಣ್ಣ ಆಗಿ ನೀರನ್ನ ತಿಂದು ಹಾಕತ್ತೆ, ಮನೆ ಸುಣ್ಣ ಬಳಿಯೋಕೆ ಮುಂಚೆ ಡ್ರಮ್ಮಲ್ಲಿ ಕೊತಕೊತ ಕುದಿಯತ್ತಲ್ಲ ಹಾಗೆ.

ಮುಧೋಳ_ಆಪರೇಟರ್
ಮತ್ತ ಕ್ಲೋರೈಡ್ ಅಂದ್ರ ನಮಗ ಜ್ವರ ಬರತೈತಿ. ಸ್ಟೇನ್‌ಲೆಸ್ ಸ್ಟೀಲ್‌ಗೆ ಬಿಸಿ ಕ್ಲೋರೈಡ್ ಅಂದ್ರ ಹುಳ ಹತ್ತಿದಂಗ, ಹೊರಗ ಮಿರಿಮಿರಿ ಮಿಂಚತಿರತೈತಿ ಒಳಗ ಸೂಜಿ ಮೊನಿಯಂಥಾ ತೂತು, ವೆಲ್ಡಿಂಗ್ ಹತ್ರ ಸೀಳು. ಉಪ್ಪಿನ ಪ್ರೋಸೆಸ್ ಎಲ್ಲಾ ಕಡೆ ಯಾಕ ಹಬ್ಬಲಿಲ್ಲ ಅಂದ್ರ ಇದೂ ಒಂದು ಕಾರಣ, ಇನ್ನೊಂದು ಆ ಉಪ್ಪನ್ನ ಒಣಗಿಸಿ ಮ್ಯಾಲಕ್ಕ ಹೊತ್ತು ಹಾಕೂ ರಗಳೆ. ಪೈಪಿನೊಳಗ ಒಂದೀಟು ತಣ್ಣಗಾದ್ರ ಸಾಕು, ಹರಳು ಕಟ್ಟಿ ಬ್ಲಾಕ್.

ಈಗ ಪೆಟ್ರೋಲಿಗೆ ಬೆರಸೂ ಎಥನಾಲ್ 99.5ರ ಮ್ಯಾಲೆ ಬೇಕ್ರಿ. ಹಿಂದಕ ಬೆಂಜೀನ್ ಹಾಕಿ ಮಾಡ್ತಿದ್ರು, 1902ರಾಗ ಸಿಡ್ನಿ ಯಂಗ್ ಅನ್ನಾವ್ರು ಹುಡುಕಿದ ದಾರಿ ಅದು, ಅದು ಕ್ಯಾನ್ಸರ್ ತರತೈತಿ ಅಂತ ಬಿಟ್ರು. ಈಗ ನಮ್ಮಲ್ಲಿ ಮಾಲಿಕ್ಯುಲರ್ ಸೀವ್. ಜಿಯೋಲೈಟ್ ಅನ್ನೂ ಖನಿಜದ ಗುಂಡು, ಮ್ಯಾಲ ತೂತು 3 ಆಂಗ್‌ಸ್ಟ್ರಮ್, ಕಣ್ಣಿಗೆ ಕಾಣದಷ್ಟು ಸಣ್ಣದು, ನೀರಿನ ಕಣ ಒಳಗ ಹೊಕ್ಕತೈತಿ, ಎಥನಾಲ್ ಹೊರಗ ಉಳೀತೈತಿ. ಎರಡು ಬೆಡ್ ಇರತಾವ, ಒಂದು ನೀರು ಕುಡಿಯೂ ಮುಂದ ಇನ್ನೊಂದು ಕಕ್ಕತಿರತೈತಿ. ಉಪ್ಪೂ ಇಲ್ಲ ಗಿಪ್ಪೂ ಇಲ್ಲ.

ಆದ್ರ ಉಪ್ಪು ನಮ್ಮನ್ನ ಬಿಟ್ಟಿಲ್ರಿ. ಕಾಕಂಬಿ ಒಳಗ ಪೊಟ್ಯಾಷು, ಕ್ಯಾಲ್ಸಿಯಂ, ಸಲ್ಫೇಟು ಎಲ್ಲಾ ತುಂಬೈತಿ. ಹುಳಿ ಬಂದ ವಾಶ್ ಹಂಗ ಕಾಲಮ್‌ಗೆ ಬರತೈತಿ, ಆಲ್ಕೋಹಾಲ್ ಮ್ಯಾಲೆ ಹೋತು, ಉಪ್ಪು ಕೆಳಗ ಉಳೀತು, ಬಿಸಿಗೆ ಕ್ಯಾಲ್ಸಿಯಂ ಸಲ್ಫೇಟ್ ಕಲ್ಲಿನಂಗ ಟ್ರೇಗೆ ಹತಗೊಂಡು ಬಿಡತೈತಿ. ತಿಂಗಳಾನುಗಟ್ಲೆ ಓಡಿಸಿ ಶಟ್‌ಡೌನ್‌ದಾಗ ಮ್ಯಾನ್‌ಹೋಲ್ ತಗದ್ರ ಬೂದು ಬಣ್ಣದ ಹೆಕ್ಕಳ ಬೆರಳು ದಪ್ಪ. ಸುತ್ತಿಗಿ ಉಳಿ ಹಿಡದು ನಾ ಎಷ್ಟ್ ಸಲ ಒಳಗ ಇಳದೇನಿ, ಹೊರಗ ಬಂದ್ರ ಹೆಂಡ್ತಿ ಗುರ್ತು ಹಿಡಿಯಂಗಿಲ್ಲ. ಆ ಪೊಟ್ಯಾಷು ಮಾತ್ರ ಈಗ ರೊಕ್ಕ ಆಗೈತಿ, ಆಲ್ಕೋಹಾಲ್ ತಗದ ಮ್ಯಾಲೆ ಉಳದ ಸ್ಪೆಂಟ್ ವಾಶ್ ಸುಟ್ಟ ಬೂದಿನ್ನ ಗೊಬ್ಬರ ಮಾಡ್ತಾರ, ಕಬ್ಬಿನಿಂದ ಬಂದಿದ್ದು ಕಬ್ಬಿಗೇ ಹೋಗತೈತಿ.

ಶಾಲೆ_ಮೇಡಂ
ಆಪರೇಟರ್ ಅಣ್ಣ, ಆ ವಾಶಲ್ಲಿರೋ ಉಪ್ಪಿನಿಂದ ಆಲ್ಕೋಹಾಲ್ ಬೇಗ ಏಳತ್ತೆ ಅನ್ನೋ ಲಾಭ ಇಲ್ವಾ ಹಂಗಾದ್ರೆ?

ಮುಧೋಳ_ಆಪರೇಟರ್
ಇರಬಹುದ್ರಿ ಮೇಡಂ ಒಂದೀಟು, ಆದ್ರ ಅಲ್ಲಿ ಸಹಾಯ ಯಾರಿಗ್ ಬೇಕು, ಮೇಷ್ಟ್ರು ಹೇಳಿದ್ರಲ್ಲ ಕೆಳಗ ಮೊದಲ ಸುಲಭ ಅಂತ. ಲಾಭ ಕಾಣಂಗಿಲ್ಲ, ಹೆಕ್ಕಳ ಕಾಣತೈತಿ.

ತೀರ್ಥಹಳ್ಳಿ_ಮಾಣಿ
ತಡವಾಗಿ ಬಂದೆ. ನನ್ನದೊಂದು ಹಳೇ ಪ್ರಶ್ನೆ ಇದೆ. ನಮ್ಮೂರ ಕಡೆ ಹಿಂದೆ ಕಳ್ಳಭಟ್ಟಿ ಇಳಿಸೋರು ಕೊಳೆಸಿದ ಬೆಲ್ಲದ ನೀರಿಗೆ ನವಸಾಗರ ಹಾಕ್ತಿದ್ರಂತೆ. ಪೇಪರಲ್ಲೂ ದಾಳಿ ಸುದ್ದಿ ಬಂದಾಗ ಬೆಲ್ಲ, ನವಸಾಗರ ವಶ ಅಂತ ಇರ್ತಿತ್ತು. ನವಸಾಗರ ಅಂದ್ರೆ ಅಮೋನಿಯಂ ಕ್ಲೋರೈಡ್ ಅಲ್ವಾ, ಅದೂ ಒಂದು ಉಪ್ಪೇ. ಅವರಿಗೆ ಈ ಸಾಲ್ಟಿಂಗ್ ಔಟ್ ಆಗ್ಲೇ ಗೊತ್ತಿತ್ತಾ?

ರಸಾಯನ_ಮೇಷ್ಟ್ರು
ಪ್ರಶ್ನೆ ಚಂದ ಇದೆ, ಉತ್ತರ ಇಲ್ಲ ಅಂತ. ಎರಡು ಕಾರಣ. ಒಂದು, ಅವರು ಹಾಕ್ತಿದ್ದದ್ದು ಕಾಯಿಸುವಾಗ ಅಲ್ಲ, ಹುಳಿ ಬರೋಕೆ ಇಡುವಾಗ. ಯೀಸ್ಟಿಗೆ ಬೆಲ್ಲದ ಸಕ್ಕರೆ ಸಿಗತ್ತೆ, ಸಾರಜನಕ ಸಾಲಲ್ಲ, ನವಸಾಗರದಲ್ಲಿ ಅಮೋನಿಯಂ ರೂಪದಲ್ಲಿ ಅದು ಇದೆ. ದೊಡ್ಡ ಡಿಸ್ಟಿಲರಿಗಳೂ ಯೀಸ್ಟ್ ಮೇವಿಗೆ ಅಂತ ಯೂರಿಯಾ, ಡಿಎಪಿ ಹಾಕ್ತವೆ, ಅದೇ ಕೆಲಸ ಇದು. ಎರಡು, ಪ್ರಮಾಣ. ಆವಿಯ ಲೆಕ್ಕ ಕಣ್ಣಿಗೆ ಕಾಣೋ ಹಾಗೆ ಬದಲಾಗ್ಬೇಕು ಅಂದ್ರೆ ನೂರು ಗ್ರಾಂ ನೀರಿಗೆ ಹತ್ತಾರು ಗ್ರಾಂ ಉಪ್ಪು ಬೇಕು. ಅಷ್ಟು ಹಾಕಿದ್ರೆ ಯೀಸ್ಟ್ ಮೊದಲೇ ಸತ್ತು ಹೋಗತ್ತೆ.

ತೀರ್ಥಹಳ್ಳಿ_ಮಾಣಿ
ಓಹೋ ಮೇವು! ನಾನು ನವಸಾಗರ ನೋಡಿದ್ದು ಕಲಾಯಿ ಹಾಕುವವನ ಹತ್ರ ಮಾತ್ರ. ಕಾದ ಹಿತ್ತಾಳೆ ಪಾತ್ರೆಗೆ ಅದನ್ನ ಎರಚಿದ ಕೂಡಲೇ ಬೆಳ್ಳಗೆ ಹೊಗೆ ಭುಸ್ ಅಂತ ಎದ್ದು ಮೂಗು ಉರೀತಿತ್ತು, ಆಮೇಲೆ ತವರ ಬಟ್ಟೆಯಲ್ಲಿ ಒರೆಸಿದ್ರೆ ಕನ್ನಡಿ.

ಹೆಸರು_ಬೇಡ_77
ಉಪ್ಪು ಹಾಕಿ ಇಳಿಸಿದ್ರೆ ವಿಷದ ಅಂಶ ಅಂದ್ರೆ ಮೆಥನಾಲ್ ಕೆಳಗೇ ಉಳಿದು ಕುಡಿಯೋಕೆ ಸೇಫ್ ಆಗತ್ತೆ ಅಂತ ನಮ್ಮ ಪಕ್ಕದ ಊರಲ್ಲಿ ಒಬ್ಬರು ಹೇಳ್ತಾರೆ, ಹೌದಾ?

ರಸಾಯನ_ಮೇಷ್ಟ್ರು
ಅಲ್ಲ. ಶುದ್ಧ ಸುಳ್ಳು, ಇದನ್ನ ನಂಬಿ ಯಾರೂ ಏನೂ ಮಾಡಬೇಡಿ. ಮೆಥನಾಲ್ ಕುದಿಯೋದೇ 64.7 ಡಿಗ್ರಿಗೆ, ಎಥನಾಲಿಗಿಂತ ಹಗುರ, ಉಪ್ಪು ಹಾಕಿದ್ರೆ ಅದನ್ನೂ ಮೇಲಕ್ಕೇ ದಬ್ಬತ್ತೆ, ಎರಡೂ ಒಟ್ಟಿಗೇ ಬರ್ತವೆ. ಬಣ್ಣ ವಾಸನೆ ರುಚಿ ಯಾವುದರಲ್ಲೂ ಗೊತ್ತಾಗಲ್ಲ. 1981ರಲ್ಲಿ ಬೆಂಗ್ಳೂರಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತಿದ್ದು ಹಳಬರಿಗೆ ನೆನಪಿರತ್ತೆ.

ಮುಧೋಳ_ಆಪರೇಟರ್
ಮತ್ತ ಲೈಸೆನ್ಸ್ ಇಲ್ಲದ ಇಳಸೂದು ಅಬಕಾರಿ ಕಾಯ್ದೆ ಒಳಗ ಕೇಸ್ ಆಗತೈತಿ, ಸಾರಾಯಿನ 2007ರಾಗ ಬಂದ್ ಮಾಡ್ಯಾರ. ಆ ಹೇಳಾವ್ಗ ಹೇಳ್ರಿ.

ಬಸ್ಯಾ_ಬೆಂಗ್ಳೂರು
ಥ್ರೆಡ್ ಸೀರಿಯಸ್ ಆಯ್ತು. ಮೇಷ್ಟ್ರೇ ಸಂಜೆ ಬರೀತೀನಿ ಅಂದಿದ್ರಿ, ಟೈಮ್ ಯಾಕೆ ಉಳಿಯಲ್ಲ ಅಂತ, ಮೂರು ಸಂಜೆ ಆಯ್ತು.

ರಸಾಯನ_ಮೇಷ್ಟ್ರು
ಕ್ಷಮೆ ಇರಲಿ, ಪೇಪರ್ ವ್ಯಾಲ್ಯುಯೇಷನ್.

ಅರಿಷ್ಟ ಲ್ಯಾಬ್ ಅವರ ಟೆಸ್ಟನ್ನೇ ತಗೊಳ್ಳಿ. ಅರಿಷ್ಟದಲ್ಲಿ 8 ಪರ್ಸೆಂಟ್ ಆಲ್ಕೋಹಾಲ್ ಇದೆ ಅಂದ್ಕೊಂಡ್ರೆ 25 ಎಂಎಲಲ್ಲಿ 2 ಎಂಎಲ್. ಅದನ್ನ 175 ಎಂಎಲ್ ಮಾಡಿದೀರಿ, ಈಗ ಒಂದು ಪರ್ಸೆಂಟ್ ಚಿಲ್ಲರೆ. ಇಷ್ಟು ತೆಳುವಾದಾಗ ನೀರಿಗಿಂತ ಎಥನಾಲ್ ಹತ್ತು ಪಟ್ಟು ಹಾರಿಕೆ. ಹತ್ತು ಪಟ್ಟು ಅಂದ್ರೆ ಲೆಕ್ಕ ಹೀಗೆ ಹೋಗತ್ತೆ, ಅರ್ಧ ದ್ರವ ಆವಿಯಾಗೋ ಹೊತ್ತಿಗೆ ಫ್ಲಾಸ್ಕಲ್ಲಿ ಉಳಿಯೋ ಆಲ್ಕೋಹಾಲ್ ಅರ್ಧದ ಅರ್ಧದ ಅರ್ಧ ಅಂತ ಹತ್ತು ಸಲ, ಅಂದ್ರೆ ಸಾವಿರಕ್ಕೆ ಒಂದು ಭಾಗ. ನೀವು 90 ಇಳಿಸ್ತೀರಿ, ಅರ್ಧಕ್ಕಿಂತ ಜಾಸ್ತಿ. ಆಲ್ಕೋಹಾಲ್ ಪೂರ್ತಿ ಬಂದಾಗಿದೆ. ಉಪ್ಪು ಹಾಕಿ ಆ ಹತ್ತನ್ನ ಇಪ್ಪತ್ತು ಮಾಡಿದ್ರೂ ಸಾವಿರಕ್ಕೆ ಒಂದು ಉಳಿಯೋ ಬದಲು ಹತ್ತು ಲಕ್ಷಕ್ಕೆ ಒಂದು ಉಳಿಯತ್ತೆ, ನಿಮ್ಮ ಗ್ರಾವಿಟಿ ಬಾಟಲಿಗೆ ಅದು ಗೊತ್ತೇ ಆಗಲ್ಲ. 90 ಎಂಎಲ್ ಇಳಿಯೋಕೆ ಬೇಕಾದ ಶಾಖನೂ ಹೆಚ್ಚುಕಮ್ಮಿ ಅಷ್ಟೇ, ಬರೋದರಲ್ಲಿ ಬಹುಪಾಲು ನೀರೇ ತಾನೆ.

ಹಾಗಾದ್ರೆ ಎಣ್ಣೆ ಇರೋ ಸ್ಯಾಂಪಲ್ಲಿಗೆ ಉಪ್ಪು ಯಾಕೆ? ಅಲ್ಲಿ ಉಪ್ಪಿನ ಕೆಲಸ ಕಾಯಿಸೋಕೆ ಮುಂಚೆನೇ ಮುಗಿಯತ್ತೆ. ಲವಂಗದ ಎಣ್ಣೆ ನೀರಲ್ಲಿ ಇರಲಾರದ ಹಾಗೆ ಮಾಡಿ ಹೆಕ್ಸೇನಿಗೆ ದಬ್ಬೋದು, ಪದರ ನೊರೆನೊರೆ ಆಗದೆ ಚೊಕ್ಕ ಬೇರೆ ಆಗೋ ಹಾಗೆ ನೋಡ್ಕೊಳ್ಳೋದು. ಆ ಎಣ್ಣೆ ಉಳಿದ್ರೆ ಆಲ್ಕೋಹಾಲ್ ಜೊತೆ ಇಳಿದು ಬಂದು ತೂಕ ಕೆಡಿಸತ್ತೆ. ಹೆಕ್ಸೇನ್ ಪದರವನ್ನ ಮತ್ತೆ ಉಪ್ಪುನೀರಲ್ಲಿ ತೊಳೆದು ಆ ತೊಳೆದ ನೀರನ್ನೂ ಫ್ಲಾಸ್ಕಿಗೇ ಹಾಕ್ತೀರಲ್ಲ, ಅದು ಜೊತೆಗೆ ಹೋಗಿರಬಹುದಾದ ಚೂರುಪಾರು ಆಲ್ಕೋಹಾಲನ್ನ ವಾಪಸ್ ಕರೆಯೋಕೆ.

ಅರಿಷ್ಟ_ಲ್ಯಾಬ್
ಮೇಷ್ಟ್ರೇ ನಿಮ್ಮ ಮಾತು ನಂಬಿ ಶನಿವಾರ ಕೂತು ಮಾಡೇ ಬಿಟ್ಟೆ. ಒಂದೇ ಬ್ಯಾಚಿನ ಅರಿಷ್ಟ, ಎರಡು ಫ್ಲಾಸ್ಕು. ಒಂದಕ್ಕೆ ಏನೂ ಇಲ್ಲ. ಇನ್ನೊಂದಕ್ಕೆ 50 ಗ್ರಾಂ ಉಪ್ಪು, ಈ ಸಲ ಪೂರ್ತಿ ಕರಗೋ ತನಕ ಬೆಚ್ಚಗೆ ಮಾಡಿ ಕಲಸಿ ಆಮೇಲೆ ಕಾಯಿಸಿದೆ, ಕುಣಿಯಲಿಲ್ಲ. ಮೊದಲ 20 ಎಂಎಲ್ ಬೇರೆ ತೆಗೆದು 10 ಎಂಎಲ್ ಬಾಟಲಲ್ಲಿ ತೂಗಿದ್ರೆ ಉಪ್ಪು ಹಾಕಿದ್ದು ಸುಮಾರು 20 ಮಿಲಿಗ್ರಾಂ ಹಗುರ, ಅಂದ್ರೆ ಆಲ್ಕೋಹಾಲ್ ಜಾಸ್ತಿ ಇದೆ, ಸೀನಿಯರ್ ಮೀಸೆ ತಿರುವಿದ್ರು. ಆಮೇಲೆ ಪೂರ್ತಿ 90 ಇಳಿಸಿ ಎಲ್ಲಾ ಸೇರಿಸಿ 100 ಮಾಡಿ ತೂಗಿದ್ರೆ ಎರಡೂ ಒಂದೇ, ಟೇಬಲಲ್ಲಿ ಅದೇ ಸಾಲು.

ಇನ್ನೊಂದು ಆಯ್ತು. ಮೂರನೇ ಸಲ ಬೆಲ್ಲ ಜಾಸ್ತಿ ಇರೋ ಇನ್ನೊಂದು ಅರಿಷ್ಟಕ್ಕೆ ಉಪ್ಪು ಹಾಕಿ ಕಾಯಿಸಿದೆ, ನೊರೆ ಎದ್ದು ಫ್ಲಾಸ್ಕ್ ಕತ್ತಿನ ತನಕ ಬಂತು, ರಿಸಲ್ಟು ಇದ್ದದ್ದಕ್ಕಿಂತ ಕಮ್ಮಿ ಬಂತು. ಏನಾಯ್ತು ಅಂತ ತಿಳೀಲಿಲ್ಲ.

ರಸಾಯನ_ಮೇಷ್ಟ್ರು
ಇಳಿಸಿದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ.

ಅರಿಷ್ಟ_ಲ್ಯಾಬ್
ಹಾಕ್ದೆ. ಮಜ್ಜಿಗೆ ಥರ ಬೆಳ್ಳಗಾಯ್ತು 😳

ರಸಾಯನ_ಮೇಷ್ಟ್ರು
ಹಾಂ, ಬೆಳ್ಳಗಾದ್ರೆ ಕ್ಲೋರೈಡ್ ಅಂದ್ರೆ ಉಪ್ಪು ಬಂದಿದೆ ಅಂತ. ಉಪ್ಪು ಹಾರಿಲ್ಲ, ನೊರೆ ಮೇಲೆ ಕೂತು ಹನಿ ಹನಿಯಾಗಿ ದಾಟಿದೆ. ಉಪ್ಪು ಸೇರಿದ್ರೆ ದ್ರವದ ತೂಕ ಏರತ್ತೆ, ನಿಮ್ಮ ಬಾಟಲಿಗೆ ತೂಕ ಅಂದ್ರೆ ಆಲ್ಕೋಹಾಲ್ ಕಮ್ಮಿ ಅಂತ ಅರ್ಥ. ಅರಿಷ್ಟದಲ್ಲಿ ನೇರವಾಗಿ ಹೈಡ್ರೋಮೀಟರ್ (ದ್ರವದ ಸಾಂದ್ರತೆ ತೋರಿಸೋ ತೇಲುಗೊಳವೆ) ಮುಳುಗಿಸಿದ್ರೆ ಬೆಲ್ಲದಿಂದ ಆಗೋ ಎಡವಟ್ಟೂ ಇದೇ, ಅದನ್ನ ತಪ್ಪಿಸೋಕೆ ಅಂತಲೇ ಡಿಸ್ಟಿಲ್ ಮಾಡೋದು. ಆ ರೀಡಿಂಗ್ ಹೊಡೆದು ಹಾಕಿ, ದೊಡ್ಡ ಫ್ಲಾಸ್ಕ್ ತಗೊಂಡು ಮಧ್ಯ ಸ್ಪ್ಲಾಶ್ ಹೆಡ್ (ನೊರೆ ಹನಿ ತಡೆಯೋ ಗಾಜಿನ ಬುರುಡೆ) ಹಾಕಿ ಮತ್ತೆ ಮಾಡಿ. ಎಣ್ಣೆ ಇಲ್ಲದ ಸ್ಯಾಂಪಲ್ಲಿಗೆ ಉಪ್ಪು ಹಾಕೋದನ್ನ ಬಿಟ್ಟುಬಿಡಿ.

ಅರಿಷ್ಟ_ಲ್ಯಾಬ್
ಸೀನಿಯರಿಗೆ ಸಿಲ್ವರ್ ನೈಟ್ರೇಟ್ ಟ್ಯೂಬ್ ತೋರಿಸ್ದೆ, "ಮೊದಲ 20 ಎಂಎಲಲ್ಲಿ ನಾನೇ ಗೆದ್ದಿದ್ದು" ಅಂತಿದಾರೆ, ಫ್ಲಾಸ್ಕಿನ ದುಡ್ಡು ಅರ್ಧ ಅವರೇ ಕೊಡ್ತಾರಂತೆ. ಈಗ ಹೊಸ ಕಷ್ಟ. ಉಪ್ಪು ಹೆಕ್ಸೇನ್ ಹಾಕಿದ್ದ ಸೆಪರೇಟಿಂಗ್ ಫನಲ್ (ಪದರ ಬೇರೆ ಮಾಡೋ ಗಾಜಿನ ಆಲಿಕೆ) ತೊಳೀದೆ ಭಾನುವಾರ ಹಂಗೇ ಬಿಟ್ಟು ಹೋಗಿದ್ದೆ, ಅದರ ಕೆಳಗಿನ ನಲ್ಲಿ, ಸ್ಟಾಪ್‌ಕಾಕ್, ಕಚ್ಕೊಂಡು ತಿರುಗ್ತಾನೇ ಇಲ್ಲ. ಹೆಂಗ್ ಬಿಡಿಸೋದು?

ಮುಧೋಳ_ಆಪರೇಟರ್
ಉಪ್ಪಲ್ರಿ ಅದು, ಬೆಚ್ಚನ ನೀರಾಗ ರಾತ್ರಿ ಪೂರಾ ನೆನಸಿಡ್ರಿ, ತಾನ ಬಿಡತೈತಿ. ಸುತ್ತಿಗಿ ಮಾತ್ರ ತಗೋಬ್ಯಾಡ್ರಿ, ಗಾಜೈತಿ, ನಮ್ಮ ಟ್ರೇ ಅಲ್ಲ.